ಸಾನ್ ಎಲಿಯಾಸಿನಲ್ಲಿ ತೆಗೆದಿಟ್ಟ ತಾಳಿ

ವೇದವತಿಗೆ ಫೋನು ಬಂದರೂ ಭಯ, ಬರದಿದ್ದರೂ ಭಯ. ಬಂದರೆ ಊರಲ್ಲಿ ಯಾರಿಗೋ ಏನೋ ಆಗಿದೆ. ಬರದಿದ್ದರೆ ಆಗಿದ್ದನ್ನು ತನ್ನಿಂದ ಮುಚ್ಚಿಟ್ಟಿದ್ದಾರೆ. ಫ್ರಿಮಾಂಟಿನ ಅಪಾರ್ಟ್‌ಮೆಂಟಿನಿಂದ ಹೊರಟವಳು ಪಾರ್ಕಿಂಗಿನವರೆಗೂ ಹೋಗಿ, ಸ್ಟವ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಮೆಟ್ಟಿಲು ಹತ್ತುತ್ತಿದ್ದಳು. ಆರಿಸಿರುವುದನ್ನು ಕಣ್ಣಾರೆ ಕಂಡು ಇಳಿದ ಮೇಲೆ, ಆ ಗಡಿಬಿಡಿಯಲ್ಲಿ ಬಾಗಿಲು ಹಾಕಿದೆನೋ ಇಲ್ಲವೋ ಎಂಬ ಹೊಸ ಚಿಂತೆ ಹುಟ್ಟುತ್ತಿತ್ತು. ಗಂಡ ಯೋಗಾನಂದ ಅಷ್ಟು ಹೊತ್ತೂ ಕಾರಿನಲ್ಲಿ ಕೂತು ರೇಡಿಯೋ ಕೇಳುತ್ತಿದ್ದ. ಮದುವೆಯಾದ ಮೂರು ವರ್ಷದಲ್ಲಿ ಅವನು ಕಲಿತ ದೊಡ್ಡ ವಿದ್ಯೆ ಅದು.

ಅವಳನ್ನು ಪೂರ್ತಿ ದೂರುವಂತೆಯೂ ಇರಲಿಲ್ಲ. ಅದು ಎರಡು ಸಾವಿರದ ಇಸವಿ. ಯೋಗಾನಂದ ರೆಡ್‌ವುಡ್ ಸಿಟಿಯ ಒಂದು ಹೊಸ ಇಂಟರ್‌ನೆಟ್ ಕಂಪನಿಯಲ್ಲಿದ್ದ. ನಿಮ್ಮ ಕಂಪನಿ ಏನು ಮಾರುತ್ತದೆ ಎಂದು ಅವಳು ಕೇಳಿದಾಗಲೆಲ್ಲ ಅವನು ಒಂದೊಂದು ಸಲ ಒಂದೊಂದು ಉತ್ತರ ಕೊಡುತ್ತಿದ್ದ. ಯುಗಾದಿಯ ಹೊತ್ತಿಗೆ ಷೇರುಗಳು ಬೀಳತೊಡಗಿ, ತಲಾ ಒಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ ಊಟಗಳಲ್ಲಿ ಜೋರಾಗಿ ಮಾತಾಡುತ್ತಿದ್ದ ಗಂಡಸರೆಲ್ಲ ಮೆಲ್ಲಗೆ ಮಾತಾಡುವಂತಾಗಿದ್ದರು. ಗಂಡನ ವೀಸಾದ ಬಾಲ ಹಿಡಿದು ಬಂದ ವೇದವತಿಗೆ ಕೆಲಸ ಮಾಡುವ ಹಕ್ಕಿರಲಿಲ್ಲ. ಬೇಲೂರಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದವಳು ಇಲ್ಲಿ ಬಟ್ಟೆ ಒಗೆಯುವ ಮೆಷಿನ್ನಿನ ಮುಂದೆ ಕೂತು ಅದರ ಕಿಂಡಿಯೊಳಗೆ ತಿರುಗುವ ಬಟ್ಟೆಗಳನ್ನು ನೋಡುತ್ತಿದ್ದಳು.

ಅಲ್ಲಿಯೇ ಅವಳಿಗೆ ಡೊರತಿ ಸಿಕ್ಕಿದ್ದು. ಡೊರತಿ ಅದೇ ಅಪಾರ್ಟ್‌ಮೆಂಟಿನ ಮೂಲೆಯ ಮನೆಯಲ್ಲಿದ್ದ ನಿವೃತ್ತ ಟೀಚರು. ಅವಳ ಹುಟ್ಟೂರು ಗಿಲ್ರಾಯ್ ದಾಟಿ ಇನ್ನೂ ದಕ್ಷಿಣಕ್ಕಿರುವ ಸಾನ್ ಎಲಿಯಾಸ್ ಎಂಬ ಹಳೆಯ ಪುಟ್ಟ ಊರು. ಸ್ಪೇನಿನ ಪಾದ್ರಿಗಳು ಇನ್ನೂರು ವರ್ಷದ ಹಿಂದೆ ಕಟ್ಟಿದ ಇಗರ್ಜಿ, ಅದರ ಮುಂದೊಂದು ಹುಲ್ಲಿನ ಚೌಕ, ಚೌಕದ ಸುತ್ತ ಹಸಿ ಇಟ್ಟಿಗೆಯ ದಪ್ಪ ಗೋಡೆಗಳ ಮನೆ, ಕುದುರೆ ಲಾಯ, ಹಳೇ ಹೋಟೆಲು. ಶನಿವಾರ ಭಾನುವಾರ ಜನ ನೋಡಲು ಬರುತ್ತಾರೆ. ಅವರಿಗೆ ಊರು ಸುತ್ತಿಸಿ ವಿವರಿಸುವ ಡೋಸೆಂಟುಗಳಿಗೆ ಸಂಬಳವಿಲ್ಲ, ಎದೆಯ ಮೇಲೆ ಹೆಸರಿನ ಬಿಲ್ಲೆ ಇರುತ್ತದೆ. ಒಂದು ಶನಿವಾರ ಡೊರತಿ ವೇದವತಿಯನ್ನು ಸುಮ್ಮನೆ ಜೊತೆಗೆ ಕರೆದುಕೊಂಡು ಹೋದಳು. ಮುಂದಿನ ಶನಿವಾರ ವೇದವತಿ ತಾನೇ ಹೋಗಿ ಡೊರತಿಯ ಬಾಗಿಲು ತಟ್ಟಿದಳು.

ಬೇಲೂರಿನವಳಿಗೆ ಆ ಊರು ಹೊಸದೆನಿಸಲಿಲ್ಲ. ಅವಳ ಅಪ್ಪನ ಟೀ ಅಂಗಡಿ ದೇವಸ್ಥಾನದ ಎದುರಿಗೇ ಇತ್ತು. ಬಸ್ಸಿನಿಂದ ಇಳಿದ ಜನ ಶಿಲ್ಪಕಲೆಗಿಂತ ಮೊದಲು ಏನು ಹುಡುಕುತ್ತಾರೆ ಎಂಬುದು ಅವಳಿಗೆ ಲಂಗ ತೊಡುವ ವಯಸ್ಸಿನಿಂದ ಗೊತ್ತು. ಆದ್ದರಿಂದ ಅವಳ ಗುಂಪಿನಲ್ಲಿ ಬಂದವರಿಗೆ ಮೊದಲು ರೆಸ್ಟ್ ರೂಮು, ಆಮೇಲೆ ನೆರಳು, ಆಮೇಲೆ ಇತಿಹಾಸ. ಜನ ಅವಳ ಇಂಗ್ಲಿಷಿಗೆ ಕಿವಿಗೊಟ್ಟು, ನಕ್ಕು, ಪ್ರಶ್ನೆ ಕೇಳುತ್ತಿದ್ದರು. ಎದೆಯ ಮೇಲೆ ‘ವೇದವತಿ’ ಎಂಬ ಬಿಲ್ಲೆ ಇರುವಷ್ಟು ಹೊತ್ತು ಅವಳಿಗೆ ಸ್ಟವ್ವಿನ ನೆನಪಾಗುತ್ತಿರಲಿಲ್ಲ. ಈ ದೇಶದಲ್ಲಿ ಅವಳದ್ದೇ ಅಂತ ಇದ್ದದ್ದು ಅದೊಂದೇ.

ಇದೆಲ್ಲ ನಡೆಯುತ್ತಿರುವಾಗ ಅತ್ತೆ ಜವರಮ್ಮ ಮದ್ದೂರಿನ ಕಡೆಯಿಂದ ಆರು ತಿಂಗಳಿಗೆಂದು ಬಂದಿಳಿದರು.

ಜವರಮ್ಮ ಬೈಯುವ ಅತ್ತೆಯಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ವೇದವತಿಗೆ ಎಷ್ಟೋ ಸಲ ಅನಿಸಿತ್ತು. ಮಾತು ಕಡಿಮೆ, ನೋಟ ಜಾಸ್ತಿ. ಬೆಳಗ್ಗೆ ಸೊಸೆ ಕಾಫಿ ತಂದುಕೊಟ್ಟರೆ ಅವರ ಕಣ್ಣು ಹಣೆಯ ಕುಂಕುಮ, ಕೈಯ ಬಳೆ ಸವರಿಕೊಂಡು ಹೋಗಿ ಕೊರಳಿನ ತಾಳಿಯ ಮೇಲೆ ನಿಲ್ಲುತ್ತಿತ್ತು. ನಿಂತದ್ದು ಕಾಫಿ ಆರುವವರೆಗೂ ಕದಲುತ್ತಿರಲಿಲ್ಲ. ಇದೊಂದು ದಿನಾ ನಡೆಯುವ ತಪಾಸಣೆ ಎಂದು ವೇದವತಿ ಭಾವಿಸಿದ್ದಳು. ಪಕ್ಕದ ಬ್ಲಾಕಿನ ಕಾವ್ಯಾ ಈಜುಕೊಳಕ್ಕೆ ಹೋಗುವಾಗ ತಾಳಿಯನ್ನು ಬಚ್ಚಲಿನ ಮೊಳೆಗೆ ನೇತುಹಾಕಿ, ಎರಡು ದಿನ ಮರೆತೇಬಿಡುತ್ತಿದ್ದಳು. ವೇದವತಿಯೂ ಅದನ್ನು ಕೇಳಿ ನಕ್ಕಿದ್ದಳು. ತಾನು ಓದಿದವಳು, ಇದನ್ನೆಲ್ಲ ನಂಬುವವಳಲ್ಲ ಎಂದುಕೊಂಡಿದ್ದಳು. ಆದರೆ ಅತ್ತೆ ಬಂದಮೇಲೆ ತಾಳಿ ಸೀರೆಯ ಮೇಲೆ, ಚೂಡಿದಾರದ ಮೇಲೆ, ನೈಟಿಯ ಮೇಲೆ, ಎಲ್ಲದರ ಮೇಲೂ ಕಾಣುವಂತೆ ಹೊರಗೇ ಇರುತ್ತಿತ್ತು.

“ಸಂಬ್ಳ ಇಲ್ವಾ?” ಎಂದು ಜವರಮ್ಮ ಒಮ್ಮೆ ಕೇಳಿದರು. “ಬಿಟ್ಟಿ ಚಾಕ್ರಿಗೆ ಅಷ್ಟು ದೂರ ಹೋಗ್ಬೇಕಾ?”

“ಸುಮ್ನೆ ಕೂತಿರೋದಕ್ಕಿಂತ ಮೇಲು ಅಂತ, ಅತ್ತೆ.”

ಜವರಮ್ಮ ಲೋಟ ಕೆಳಗಿಟ್ಟರು. “ಹಂಗಾರೆ ಒಂದ್ಸಲ ನಂಗೂ ತೋರ್ಸು. ನೀನು ಏನು ಮಾಡ್ತೀಯ ನೋಡಾನ.”

ಮೇ ತಿಂಗಳ ಒಂದು ಶನಿವಾರ ಸಾನ್ ಎಲಿಯಾಸಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಹಳೇಕಾಲದ ದಿನ. ಆವತ್ತು ಡೋಸೆಂಟುಗಳೆಲ್ಲ ಸಾವಿರದ ಎಂಟುನೂರ ಅರವತ್ತರ ಉಡುಪು ತೊಟ್ಟು, ಆಗಿನ ಕೆಲಸಗಳನ್ನೇ ಮಾಡಿ ತೋರಿಸಬೇಕು. ಕಮ್ಮಾರ ಲಾಳ ಬಡಿಯುತ್ತಾನೆ, ಹೋಟೆಲಿನವನು ಮೀಸೆ ಅಂಟಿಸಿಕೊಂಡು ನಿಲ್ಲುತ್ತಾನೆ. ವೇದವತಿಗೆ ಸಿಕ್ಕಿದ್ದು ಹಸಿ ಇಟ್ಟಿಗೆ ಮನೆಯ ಅಡುಗೆಕೋಣೆ; ಕಲ್ಲಿನ ಮೇಲೆ ನೆನೆಸಿದ ಮೆಕ್ಕೆಜೋಳ ಅರೆದು ರೊಟ್ಟಿ ತಟ್ಟುವ ಕೆಲಸ. ಅರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತೊಡಕು ಬಂದದ್ದು ಬೇರೆ ಕಡೆಯಿಂದ. ಆ ದಿನದ ಉಸ್ತುವಾರಿ ಡೊರತಿಯದು. ಅವಳು ಕಾಲಕ್ಕೆ ಸೇರದ ಒಂದು ಗುಂಡಿಯನ್ನೂ ಸಹಿಸುತ್ತಿರಲಿಲ್ಲ. ಹಿಂದಿನ ವಾರದ ತಾಲೀಮಿನಲ್ಲಿ ವೇದವತಿ ಕಲ್ಲಿನ ಮೇಲೆ ಬಗ್ಗಿದಾಗಲೆಲ್ಲ ಒಳಗೆ ಸೇರಿಸಿದ್ದ ಉದ್ದನೆಯ ತಾಳಿ ಗೌನಿನ ಎದೆಯ ಗುಂಡಿಗಳ ಸಂದಿಯಿಂದ ಹೊರಗೆ ಜಾರಿ, ಕರಿಮಣಿಯ ಸರ ಜೋಳದ ಹಿಟ್ಟಿನಲ್ಲಿ ಅದ್ದಿಹೋಗುತ್ತಿತ್ತು. ಡೊರತಿ ಅದನ್ನೇ ನೋಡಿದಳು. ನೋಟಕ್ಕೆ ಹೆದರುವುದು ವೇದವತಿಗೆ ಅಭ್ಯಾಸವಾಗಿಹೋಗಿತ್ತು. “ಆವತ್ತು ತೆಗೆದಿಟ್ಟಿರ್ತೀನಿ,” ಎಂದು ತಾನೇ ಹೇಳಿಬಿಟ್ಟಳು.

ಹೇಳಿದ ಮೇಲೆ ಒಂದು ವಾರ ನಿದ್ದೆ ಕೆಟ್ಟಿತು. ಬರಿಗೊರಳಲ್ಲಿ ಇರಬಾರದು, ತಾಳಿ ಪೋಣಿಸುವಾಗ ಹೆಂಗಸರು ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಳ್ಳುತ್ತಾರೆ ಎಂಬುದು ನೆನಪಾಯಿತು. ಅಮ್ಮ ಕಟ್ಟಿಕೊಟ್ಟಿದ್ದ ಪೊಟ್ಟಣ ಹುಡುಕಿ ಒಂದು ಕೊಂಬು ತೆಗೆದು, ದಾರಕ್ಕೆ ಅರಿಶಿನ ಹಚ್ಚಿ, ಕರ್ಚೀಫಿನಲ್ಲಿ ಸುತ್ತಿಟ್ಟುಕೊಂಡಳು. ಗಂಡನಿಗೆ ಹೇಳಲಿಲ್ಲ, ನಗುತ್ತಾನೆ. ಅತ್ತೆಗೆ ಹೇಳುವ ಮಾತೇ ಇಲ್ಲ. ಗೌನಿನ ಕಾಲರು ಗಂಟಲವರೆಗೂ ಇದೆ, ಕೊರಳಿಗೆ ಅಂಟಿದ ದಾರ ಯಾರಿಗೆ ಕಾಣುತ್ತದೆ? ಸಂಜೆ ಮತ್ತೆ ಹಾಕಿಕೊಂಡರಾಯಿತು.

ಶನಿವಾರ ಬೆಳಗ್ಗೆ ಅವಳು ಡೊರತಿಯ ಕಾರಿನಲ್ಲಿ ಮುಂಚಿತವಾಗಿ ಹೊರಟಳು. ಯೋಗಾನಂದ ತಾಯಿಯನ್ನು ಕರೆದುಕೊಂಡು ತಮ್ಮ ಹಳೆಯ ಬಿಳಿ ಕಾರಿನಲ್ಲಿ ಹನ್ನೊಂದಕ್ಕೆಲ್ಲ ಬಂದುಬಿಡುವುದು ಎಂದು ಮಾತಾಗಿತ್ತು.

ಹಳೇ ಹೋಟೆಲಿನ ಮಹಡಿಯ ಕೋಣೆಯಲ್ಲಿ ವೇಷ ತೊಟ್ಟು, ಒಳಗಿನಿಂದ ಚಿಲಕ ಹಾಕಿ, ವೇದವತಿ ಮೊದಲು ಅರಿಶಿನದ ಕೊಂಬನ್ನು ಕಟ್ಟಿಕೊಂಡಳು. ಆಮೇಲೆ ಕಣ್ಣು ಮುಚ್ಚಿ ತಾಳಿ ತೆಗೆದಳು. ದಾರದ ಗಂಟು ಸರಿಯಾಗಿ ಬೀಳದೆ, ಎರಡು ಸಲ ಬಿಚ್ಚಿ ಕಟ್ಟಿ, ಅಷ್ಟರಲ್ಲಿ ತಡವಾಯಿತು. ಕೆಳಗೆ ಡೊರತಿ ಎಲ್ಲರನ್ನೂ ಸೇರಿಸಿ ದಿನದ ಕಾರ್ಯಕ್ರಮ ಹೇಳುತ್ತಿದ್ದದ್ದು ಅವಳಿಗೆ ಮೇಲಿನಿಂದ ಗುಜುಗುಜು ಎಂದಷ್ಟೇ ಕೇಳಿಸಿತು.

ಈಗ ತಾಳಿ ಎಲ್ಲಿಡುವುದು? ಡೊರತಿಯ ಕಾರಿನಲ್ಲಿ ಇಡಲು ಧೈರ್ಯವಿಲ್ಲ. ಅದೇ ಪಾರ್ಕಿಂಗಿನಲ್ಲಿ ಹಿಂದಿನ ತಿಂಗಳು ಯಾರದ್ದೋ ಕಾರಿನ ಗಾಜು ಒಡೆದಿದ್ದರು. ಮಹಡಿಯ ಕೋಣೆಗೆ ಬೀಗವಿಲ್ಲ. ಊರಲ್ಲಾಗಿದ್ದರೆ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಈ ಗೌನಿಗೆ ಸೆರಗೂ ಇಲ್ಲ, ಜೇಬೂ ಇಲ್ಲ. ಬೂಟಿನೊಳಗೆ ಇಡುವ ವಸ್ತುವೇ ಅದು? ಮುಷ್ಟಿಯಲ್ಲಿ ಹಿಡಿದುಕೊಂಡೇ ಅಡುಗೆಕೋಣೆಗೆ ಬಂದಳು. ಅಲ್ಲಿ ಗೋಡೆಯ ಗೂಡಿನಲ್ಲಿ ಮೇರಿ ತಾಯಿಯ ಮೊಣಕೈಯುದ್ದದ ಮರದ ವಿಗ್ರಹವಿತ್ತು. ಆ ಮನೆಯವರು ಹಿಂದೆ ಪೂಜಿಸುತ್ತಿದ್ದ ವಿಗ್ರಹ, ಈಗ ಇಗರ್ಜಿಯಲ್ಲಿರುತ್ತದೆ. ಹಳೇಕಾಲದ ದಿನ ಮಾತ್ರ ಮನೆಗೆ ತಂದಿಟ್ಟು, ಸಂಜೆ ಮೆರವಣಿಗೆಯಲ್ಲಿ ವಾಪಸು ಒಯ್ಯುತ್ತಾರೆ. ತಾಯಿಯ ಕೊರಳಲ್ಲಿ ಜಪಸರಗಳಿದ್ದವು. ತಾಳಿ ತೆಗೆದರೆ ದೇವರ ಪಟಕ್ಕೆ ಹಾಕಿಡುವುದು ಅವಳ ಅಮ್ಮನ ಮನೆಯ ಪದ್ಧತಿ. ವೇದವತಿ ಎರಡನೇ ಯೋಚನೆ ಮಾಡದೆ, ಕಣ್ಣಿಗೆ ಒತ್ತಿಕೊಂಡು, ಜಪಸರಗಳ ನಡುವೆ ಅದನ್ನು ಹಾಕಿದಳು. ಕರಿಮಣಿಯ ಸರ ಅವುಗಳ ಜೊತೆ ಸೇರಿಹೋಯಿತು, ಗುರುತೇ ಸಿಗದಂತೆ. ಮನಸ್ಸಿಗೆ ಸಮಾಧಾನವಾಯಿತು.

ಜನ ಬಂದರು. ಅವಳು ಅರೆದಳು, ತಟ್ಟಿದಳು, ಮಕ್ಕಳ ಕೈಗೆ ಗುಂಡುಕಲ್ಲು ಕೊಟ್ಟು ಅರೆಸಿದಳು. ನಡುನಡುವೆ ಗೂಡಿನ ಕಡೆ ಕಣ್ಣು ಹಾಯಿಸುತ್ತಿದ್ದಳು. ಹನ್ನೊಂದು ಹೊಡೆಯಿತು. ಬಿಳಿ ಕಾರು ಬರಲಿಲ್ಲ. ಹಿತ್ತಲಿನ ಬಾವಿಯಿಂದ ನೀರು ಸೇದಿ ತೋರಿಸುವ ಸರದಿ ಬಂದಾಗ ಹೊರಗೆ ಹೋದಳು. ಅಲ್ಲಿದ್ದಾಗ ಇಗರ್ಜಿಯ ಗಂಟೆ ಬಾರಿಸಿತು, ಯಾರೋ ಹಾಡುತ್ತ ಹೋದದ್ದು ಕೇಳಿಸಿತು. ಕೊಡ ಹೊತ್ತು ಒಳಗೆ ಬಂದು ನೋಡುತ್ತಾಳೆ, ಗೂಡು ಖಾಲಿ.

ಕೊಡವನ್ನು ಧೊಪ್ಪನೆ ಇಳಿಸಿಬಿಟ್ಟಳು. ಅರ್ಧ ನೀರು ಮಣ್ಣಿನ ನೆಲಕ್ಕೆ ಚೆಲ್ಲಿತು.

“ಮಧ್ಯಾಹ್ನ ಚರ್ಚಲ್ಲಿ ಮದುವೆ ಇದೆ, ಅದಕ್ಕೆ ಈ ಸಲ ಮೆರವಣಿಗೆ ಬೆಳಗ್ಗೇನೇ ಅಂತ ಹೇಳಿದ್ನಲ್ಲ,” ಎಂದಳು ಬಾಗಿಲಲ್ಲಿ ಸಿಕ್ಕ ಡೊರತಿ. “ಮೀಟಿಂಗಲ್ಲಿ ನೀನಿರಲಿಲ್ವಾ?”

ವೇದವತಿ ಇರಲಿಲ್ಲ. ಮೀಟಿಂಗಿನ ಹೊತ್ತಿಗೆ ಅವಳು ಮೇಲೆ ತಾಳಿ ತೆಗೆಯುತ್ತಿದ್ದಳು.

ಅವಳು ಇಗರ್ಜಿಯ ಕಡೆ ಓಡಬೇಕು ಎನ್ನುವಷ್ಟರಲ್ಲಿ ಅಂಗಳದಲ್ಲಿ ಇಬ್ಬರು ಗಂಡಸರು ಮಾತಾಡಿಕೊಳ್ಳುತ್ತಿದ್ದದ್ದು ಕಿವಿಗೆ ಬಿತ್ತು. ಒಬ್ಬ ಸಾನ್ ಹೋಸೆಯಿಂದ ಮಕ್ಕಳೊಂದಿಗೆ ಬಂದವನು. ನೂರ ಒಂದನೇ ಫ್ರೀವೇ ಗಿಲ್ರಾಯ್ ಹತ್ತಿರ ಪೂರ್ತಿ ಬಂದ್ ಆಗಿದೆ, ಲಾರಿಯೊಂದು ಮಗುಚಿದೆ, ಕಾರುಗಳು ಒಂದಕ್ಕೊಂದು ಹೊಡೆದುಕೊಂಡಿವೆ, ಹೆಲಿಕಾಪ್ಟರ್ ಇಳಿದಿತ್ತು, ತಾನು ಹಳ್ಳಿ ರಸ್ತೆಯಲ್ಲಿ ಸುತ್ತಿ ಬಂದೆ ಎನ್ನುತ್ತಿದ್ದ.

“ಯಾವ ಕಾರುಗಳು?” ವೇದವತಿ ಅವನ ಮುಂದೆ ನಿಂತು ಕೇಳಿದಳು. “ಬಣ್ಣ ಯಾವುದು?”

ಅವನು ಹಳೇಕಾಲದ ಬಾನೆಟ್ಟು ಟೋಪಿ ತೊಟ್ಟ ಈ ಹೆಂಗಸು ನಾಟಕದ ಮಾತಾಡುತ್ತಿದ್ದಾಳೋ ನಿಜವಾಗಿ ಕೇಳುತ್ತಿದ್ದಾಳೋ ತಿಳಿಯದೆ ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. “ನಾನು ದೂರದಿಂದ ನೋಡಿದ್ದು, ಮ್ಯಾಮ್. ಒಂದು ಬಿಳೀದು ಇತ್ತು ಅನ್ಸುತ್ತೆ.”

ಈ ಲೋಕದಲ್ಲಿ ಬಿಳಿ ಕಾರುಗಳಿಗೆ ಬರವಿಲ್ಲ ಎಂದು ಅವಳ ಓದಿದ ತಲೆ ಹೇಳಿತು. ಆ ತಲೆಯ ಮಾತನ್ನು ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಡೊರತಿ ಹೋಟೆಲಿನ ಆಫೀಸಿನ ಫೋನಿನಿಂದ ಯೋಗಾನಂದನ ಸೆಲ್ ಫೋನಿಗೆ ಮಾಡಿದಳು. ಈ ಗ್ರಾಹಕರು ಸಂಪರ್ಕದಲ್ಲಿಲ್ಲ ಎಂದು ಒಬ್ಬ ಹೆಂಗಸು ಬೇಸರವಿಲ್ಲದೆ ಹೇಳಿದಳು. ಮತ್ತೆ ಮಾಡಿದಳು, ಅದೇ ಹೆಂಗಸು. “ಆ ಬೆಟ್ಟದ ಸಂದಿನಲ್ಲಿ ಯಾರ ಫೋನೂ ಹಿಡಿಯಲ್ಲ ವೇದಾ, ಗಾಬರಿ ಆಗ್ಬೇಡ,” ಎಂದಳು ಡೊರತಿ. ಗಾಬರಿಯಾಗಬೇಡ ಎಂದು ಹೇಳಿಸಿಕೊಂಡು ಗಾಬರಿ ಕಡಿಮೆಯಾದವರನ್ನು ನಾನಂತೂ ನೋಡಿಲ್ಲ.

ಅವಳ ಮನಸ್ಸಿನಲ್ಲಿ ಆಗ ಇದ್ದದ್ದು ಒಂದೇ ಮಾತು: ನಾನು ತೆಗೆದೆ. ಮೂರು ವರ್ಷದಲ್ಲಿ ಎಂದೂ ತೆಗೆಯದಿದ್ದವಳು ಇವತ್ತು, ಅವರು ರಸ್ತೆಯಲ್ಲಿರುವಾಗ, ಚಿಲಕ ಹಾಕಿಕೊಂಡು ತೆಗೆದೆ.

ಬೂಟು ಕಟಕಟ ಎನ್ನಿಸುತ್ತ, ಗೌನು ಎರಡೂ ಕೈಯಲ್ಲಿ ಎತ್ತಿಕೊಂಡು ಅವಳು ಚೌಕ ದಾಟಿ ಓಡಿದಳು. ಕಾಲರಿನ ಮೇಲಿನ ಗುಂಡಿ ಕಿತ್ತುಹೋಯಿತು. ಹುಲ್ಲಿನ ಮೇಲೆ ಮೇಯುತ್ತಿದ್ದ ಕೋಳಿಗಳು ಚದುರಿದವು. ನೋಡಲು ಬಂದವರು ದಾರಿ ಬಿಟ್ಟು ಫೋಟೋ ತೆಗೆದುಕೊಂಡರು.

ಇಗರ್ಜಿಯೊಳಗೆ ತಂಪಾಗಿತ್ತು. ಮದುವೆಗೆಂದು ಬೆಂಚುಗಳಿಗೆ ಬಿಳಿ ಹೂ ಕಟ್ಟಿದ್ದರು. ಎಡಗಡೆಯ ಗಾಜಿನ ಪೆಟ್ಟಿಗೆಯಲ್ಲಿ ಮೇರಿ ತಾಯಿ ಆಗಲೇ ತನ್ನ ಜಾಗದಲ್ಲಿ ನಿಂತಿದ್ದಳು. ಕೊರಳಲ್ಲಿ ಜಪಸರಗಳು, ಅವುಗಳ ನಡುವೆ ಎರಡು ಪುಟ್ಟ ಚಿನ್ನದ ಬಟ್ಟಲು. ಪೆಟ್ಟಿಗೆಗೆ ಬೀಗ. ಬೀಗದ ಕೈ ಲೂಪೆಯ ಸೊಂಟದಲ್ಲಿತ್ತು. ಲೂಪೆ ಆ ಇಗರ್ಜಿಯನ್ನು ಗುಡಿಸಿ ಒರೆಸಿ ನೋಡಿಕೊಳ್ಳುತ್ತಿದ್ದ ಮೆಕ್ಸಿಕೋ ಮೂಲದ ಮುದುಕಿ. ಅವಳ ಇಂಗ್ಲಿಷೂ ವೇದವತಿಯ ಇಂಗ್ಲಿಷಿನಷ್ಟೇ ಕುಂಟುತ್ತಿದ್ದುದರಿಂದ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

“ಆ ಹೊಸ ಸರ ನಿನ್ನದಾ?” ಎಂದು ಲೂಪೆಯೇ ಕೇಳಿದಳು. “ಇಂಥದ್ದು ನಾನು ನೋಡೇ ಇಲ್ಲ. ಯಾರೋ ಹರಕೆಗೆ ಹಾಕಿದ್ದಾರೆ ಅಂತ ಹಾಗೇ ಬಿಟ್ಟೆ.”

“ನನ್ನದೇ.”

“ತಪ್ಪಿ ಹಾಕಿದ್ದರೆ ಹೇಳು, ತೆಗೆದುಕೊಡ್ತೀನಿ.” ಲೂಪೆ ಬೀಗದ ಕೈಗೊಂಚಲು ಹಿಡಿದುಕೊಂಡಳು. “ಬೇಡಿಕೊಂಡು ಹಾಕಿದ್ದರೆ ಮಾತ್ರ ನಾನು ಮುಟ್ಟಲ್ಲ. ಅದು ಆಮೇಲೆ ನಿಂದೂ ಅಲ್ಲ, ನಂದೂ ಅಲ್ಲ.”

ತಪ್ಪಿ ಹಾಕಿದ್ದು ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ವೇದವತಿ ಬಾಯಿ ತೆರೆದಳು. ಬೇಲೂರಿನ ಗುಡಿಯಲ್ಲಿ ಹುಂಡಿಗೆ ಬಿದ್ದದ್ದನ್ನು ಯಾರೂ ವಾಪಸು ಕೇಳಿದ್ದು ಅವಳು ಕಂಡಿಲ್ಲ. ಈಗ ತಾನು ಕೇಳಿ, ಲೂಪೆ ಬೀಗ ತೆಗೆದು, ಆ ತಾಯಿಯ ಕೊರಳಿನಿಂದ ಅದನ್ನು ಎತ್ತುವ ಹೊತ್ತಿಗೇ ಅಲ್ಲಿ ಗಿಲ್ರಾಯ್ ಹತ್ತಿರ ಏನಾದರೂ ಆಗಿಬಿಟ್ಟರೆ? ತೆಗೆದಿಟ್ಟದ್ದು ಒಂದು ತಪ್ಪು, ಕೊಟ್ಟು ಕಿತ್ತುಕೊಂಡದ್ದು ಇನ್ನೊಂದು ತಪ್ಪು. ಅವಳಿಗೆ ಅಳು ಬಂತು. ತಾಳಿ ಇಲ್ಲದೆ ಅತ್ತೆಯ ಮುಂದೆ ನಿಲ್ಲುವುದು ಹೇಗೆ? ಆದರೆ ಅತ್ತೆ ಬೈಯಬೇಕಾದರೂ ಮೊದಲು ಅತ್ತೆ ಬರಬೇಕಲ್ಲ.

“ಬೇಡಿಕೊಂಡಿದ್ದೀನಿ,” ಎಂದಳು.

“ಏನು ಅಂತ?”

“ನನ್ನ ಗಂಡ, ಅವರಮ್ಮ, ಇಬ್ಬರೂ ಇಲ್ಲಿಗೆ ಬಂದು ಸೇರಲಿ ಅಂತ.”

ಲೂಪೆ ಕೈಗೊಂಚಲನ್ನು ಬಿಟ್ಟಳು. ವೇದವತಿಯ ಭುಜ ತಟ್ಟಿ, ಬೆಂಚುಗಳ ಹೂ ಸರಿಪಡಿಸಲು ಹೋದಳು.

ವೇದವತಿ ಹೊರಗೆ ಬಂದು ಕಮಾನಿನ ಕೆಳಗೆ ಕೂತಳು. ಪಕ್ಕದಲ್ಲಿ ಆಲಿವ್ ಮರಗಳ ಸ್ಮಶಾನ. ಈ ಇಗರ್ಜಿ ಕಟ್ಟಿದ ಮೂಲನಿವಾಸಿಗಳನ್ನು ಅಲ್ಲಿ ಹೂತಿದ್ದಾರೆ, ಬಹಳ ಜನಕ್ಕೆ ಕಲ್ಲೂ ಇಲ್ಲ, ಹೆಸರೂ ಇಲ್ಲ ಎಂದು ಅವಳೇ ಪ್ರತಿ ಶನಿವಾರ ಜನಕ್ಕೆ ಹೇಳುತ್ತಿದ್ದಳು. ಇವತ್ತು ಆ ಕಡೆ ಬೆನ್ನು ತಿರುಗಿಸಿ ಕೂತಳು. ಊರಿನೊಳಗೆ ಬರುವ ರಸ್ತೆಯಲ್ಲಿ ಒಂದು ಬಿಳಿ ಕಾರು ಬಂತು, ಒಳಗಿದ್ದವರು ಬೇರೆ. ಇನ್ನೊಂದು ಬಂತು, ಅದು ನಿಲ್ಲದೆ ಹೋಯಿತು. ಡೊರತಿ ಅಡುಗೆಕೋಣೆಯಲ್ಲಿ ಕಾಯುತ್ತಿದ್ದ ಜನರನ್ನು ಬಿಟ್ಟು ಬಂದು ಪಕ್ಕದಲ್ಲಿ ಕೂತುಕೊಂಡಳು. ಮದುವೆಯ ಕಾರುಗಳು ಬರತೊಡಗಿದವು. ಬಿಳಿ ಉಡುಪಿನ ಹುಡುಗಿ ಇಳಿದು, ನಗುತ್ತ, ನಡುಗುತ್ತ ಒಳಗೆ ಹೋದಳು. ಅವಳನ್ನು ನೋಡಲು ವೇದವತಿಗೆ ಆಗಲಿಲ್ಲ.

ಎಲ್ಲ ಒಳಗೆ ಹೋದ ಮೇಲೆ, ಬಹಳ ಹೊತ್ತಿನ ನಂತರ, ಲಾಯದ ಮೂಲೆಯಿಂದ ಇಬ್ಬರು ನಡೆದು ಬಂದರು. ಮುಂದೆ ಹತ್ತಿಯ ಸೀರೆಯುಟ್ಟ, ಕಾಲಿಗೆ ಸ್ನೀಕರ್ಸ್ ಹಾಕಿದ ಜವರಮ್ಮ. ಎರಡೂ ಕಂಕುಳಲ್ಲಿ ಒಂದೊಂದು ಎಲೆಕೋಸು. ಹಿಂದೆ ಯೋಗಾನಂದ, ಬೆವರಿನಲ್ಲಿ ಅಂಗಿ ಒದ್ದೆ.

ವೇದವತಿ ಹೇಗೆ ಎದ್ದಳೋ, ಹೇಗೆ ಓಡಿದಳೋ, ಗಂಡನ ಎರಡೂ ತೋಳು ಹಿಡಿದುಕೊಂಡು ನಿಂತುಬಿಟ್ಟಳು. ಮುಟ್ಟಿ ಮುಟ್ಟಿ ನೋಡಿದಳು.

“ಏನಾಯ್ತೇ? ಎಲ್ರೂ ನೋಡ್ತಿದಾರೆ,” ಎಂದ ಅವನು ನಾಚಿಕೊಂಡು. “ಫ್ರೀವೇ ಬ್ಲಾಕ್ ಆಗಿತ್ತು. ಎಲೆಕೋಸಿನ ಟ್ರಕ್ಕು ಉರುಳಿತ್ತು. ಯಾರ್ಗೂ ಏನೂ ಆಗ್ಲಿಲ್ಲ, ಒಬ್ಬನಿಗೆ ಕೈ ಮುರೀತು ಅಷ್ಟೆ. ಅಮ್ಮ ಕಾರಿಂದ ಇಳಿದು ಸುತ್ತಮುತ್ತ ಕಾರಲ್ಲಿದ್ದೋರಿಗೆಲ್ಲ ಚಿತ್ರಾನ್ನ ಹಂಚಿದ್ರು.”

“ಮಕ್ಳು ಹಸ್ಕೊಂಡು ಅಳ್ತಿದ್ವು ಕಣವ್ವ,” ಎಂದರು ಜವರಮ್ಮ. “ಕೋಸು ನೋಡು, ರೋಡ್ ತುಂಬ ಬಿದ್ದಿದ್ವು. ಆ ಡ್ರೈವರ್ರೇ ತಕ್ಕೊಳಿ ಅಂದ.”

ಹೇಳುತ್ತ ಹೇಳುತ್ತ ಅವರ ಕಣ್ಣು ಎಂದಿನಂತೆ ಸೊಸೆಯ ಹಣೆ, ಕೈ ಸವರಿ ಕೊರಳಿಗೆ ಬಂತು. ಗುಂಡಿ ಕಿತ್ತುಹೋದ ಕಾಲರಿನ ಸಂದಿಯಲ್ಲಿ ಹಳದಿ ದಾರ ಕಾಣುತ್ತಿತ್ತು.

“ಇದೇನವ್ವ, ಅರಿಶಿನದ ಕೊಂಬು? ತಾಳಿ ಎಲ್ಲಿ?”

ವೇದವತಿ ಎಲ್ಲವನ್ನೂ ಹೇಳಿದಳು. ಹಿಟ್ಟಿನಲ್ಲಿ ಅದ್ದಿಹೋದದ್ದು, ಚಿಲಕ ಹಾಕಿಕೊಂಡು ತೆಗೆದದ್ದು, ಗೂಡು ಖಾಲಿಯಾದದ್ದು, ಬಿಳಿ ಕಾರು, ಬೀಗದ ಕೈ, ಬೇಡಿಕೊಂಡದ್ದು. ಹೇಳುವಾಗ ತಲೆ ಎತ್ತಲಿಲ್ಲ. ಹಿಂದಿನ ಶುಕ್ರವಾರ ಕಾವ್ಯಾಳ ಮನೆಯ ಅರಿಶಿನ ಕುಂಕುಮದಲ್ಲಿ ಎಲ್ಲರ ಮುಂದೆ ಹಿಡಿದ ತಟ್ಟೆಯನ್ನು ಜವರಮ್ಮನ ಮುಂದೆ ಮಾತ್ರ ಹಿಡಿಯದೆ ಮುಂದಕ್ಕೆ ಸಾಗಿಸಿದ್ದರು. ಆಗ ಅತ್ತೆ ಟೀವಿಯ ಕಡೆ ತಿರುಗಿ ಕೂತ ರೀತಿ ಯಾಕೋ ಈಗ ನೆನಪಿಗೆ ಬಂತು. ಗಂಡ ಸತ್ತವರು ಅವರು. ಅವರ ಮುಂದೆ ನಿಂತು, ಗಂಡ ಬದುಕಿರುವಾಗಲೇ ತಾಳಿ ತೆಗೆದೆ ಎಂದು ಹೇಳುತ್ತಿದ್ದೇನಲ್ಲ ಎನಿಸಿತು.

“ಅಯ್ಯೋ, ಅಷ್ಟೇನಾ? ಇನ್ನೊಂದು ಮಾಡಿಸಿದ್ರಾಯ್ತಪ್ಪ,” ಎಂದು ಯೋಗಾನಂದ ನಗಲು ನೋಡಿದ.

“ನೀನು ಸುಮ್ಕಿರು ಯೋಗಾ.” ಜವರಮ್ಮ ಎರಡೂ ಕೋಸನ್ನು ಮಗನ ಕೈಗೆ ಕೊಟ್ಟರು. “ಎಲ್ಲೈತೆ ತೋರ್ಸು ನಡಿಯವ್ವ.”

ಬಾಗಿಲಲ್ಲಿ ಅವರು ಬಗ್ಗಿ ಸ್ನೀಕರ್ಸ್ ಬಿಚ್ಚಿಟ್ಟರು. ಒಳಗೆ ಮದುವೆ ನಡೆಯುತ್ತಿತ್ತು, ಯಾರೋ ಹಾಡುತ್ತಿದ್ದರು. ಇಬ್ಬರೂ ಗೋಡೆಯ ಬದಿಯಲ್ಲೇ ನಡೆದು ಗಾಜಿನ ಪೆಟ್ಟಿಗೆಯ ಮುಂದೆ ನಿಂತರು. ಜವರಮ್ಮ ಕೈ ಮುಗಿದರು. ಮುಗಿದ ಕೈ ಇಳಿಸದೆ ಬಹಳ ಹೊತ್ತು ನೋಡಿದರು. ಈಗ ಬರುವ ಮಾತು ಮದ್ದೂರಿನವರೆಗೂ ಹೋಗುತ್ತದೆ, ಬೇಲೂರಿಗೂ ಮುಟ್ಟುತ್ತದೆ, ಈ ಊರಿಗೆ ಇನ್ನು ತಾನು ಬರುವಂತಿಲ್ಲ ಎಂದು ವೇದವತಿ ಕಾಯುತ್ತ ನಿಂತಳು.

“ನಿಮ್ಮ ಮಾವ ಹೋದ ದಿನ,” ಎಂದರು ಜವರಮ್ಮ, ಪಿಸುಮಾತಿನಲ್ಲಿ, “ಬೆಳಿಗ್ಗೆ ಉಂಡು ಗದ್ದೆಗೆ ಹೋದ್ರು. ಪಂಪ್‌ಸೆಟ್ಟಲ್ಲಿ ಕರೆಂಟು ಹೊಡೀತು. ನಾನು ಆಗ ಎಣ್ಣೆ ನೀರು ಹಾಕ್ಕೊಂಡು, ತಾಳಿಗೆ ಅರಿಶಿನ ಹಚ್ತಾ ಕುಂತಿದ್ದೆ. ಅವತ್ತು ಶುಕ್ರವಾರ.”

ಅವರು ಮಗ ಬಾಗಿಲಾಚೆ ನಿಂತಿದ್ದ ಕಡೆ ನೋಡಿದರು.

“ಇವನ್ನ ಹೆರೋವಾಗ ಆಸ್ಪತ್ರೇಲಿ ತೆಗಿ ಅಂದ್ರು, ತೆಗೀಲಿಲ್ಲ ನಾನು. ಒಂದು ಗಳಿಗೆನೂ ತೆಗೆದಿರ್ಲಿಲ್ಲ ಕಣವ್ವ. ಕೊನೇಗೆ ಅವರೇ ತೆಗೆದ್ರು, ಊರ ಹೆಂಗಸ್ರು, ಹತ್ತು ಜನರ ಮುಂದೆ.” ಅವರು ಗಾಜಿನ ಮೇಲೆ ಬೆರಳಿಟ್ಟು, ಆ ಎರಡು ಪುಟ್ಟ ಬಟ್ಟಲುಗಳು ಇದ್ದ ಕಡೆ ಮೆಲ್ಲಗೆ ಸವರಿದರು. “ಅದ್ಕೇನು ಗೊತ್ತಾಯ್ತದೆ? ಇಲ್ಲೇ ಇರ್ಲಿ ಬಿಡು. ಹೆಂಗಿದ್ರೂ ಅವನು ಬಂದವ್ನಲ್ಲ. ನಿನ್ನ ಕೆಲ್ಸ ತೋರ್ಸು ನಡಿ, ನೋಡಾನ.”

ಹೇಳಿ ಸೊಸೆಯ ಕಡೆ ತಿರುಗಿದರು. ಕಣ್ಣು ಮತ್ತೆ ಆ ಹಳದಿ ದಾರದ ಮೇಲೆ ನಿಂತಿತು, ದಿನಾ ಬೆಳಗ್ಗೆ ಕಾಫಿ ಆರುವವರೆಗೂ ನಿಲ್ಲುತ್ತಿದ್ದಂತೆಯೇ. ಅದು ತಪಾಸಣೆಯಲ್ಲ, ಎಂದೂ ಆಗಿರಲಿಲ್ಲ ಎಂದು ವೇದವತಿಗೆ ಆಗ ತಿಳಿಯಿತು. ಅತ್ತೆ ಬಂದಾಗಿನಿಂದ ಅವರ ಕಣ್ಣಿಗೆ ಹೆದರಿ ತಲೆ ತಗ್ಗಿಸುತ್ತಿದ್ದವಳು ಈಗ ತಲೆ ಎತ್ತಿ, ಅತ್ತೆಯ ಬರಿಗೊರಳನ್ನು ಮೊದಲ ಸಲ ನೋಡಿದಳು.